ಕಂಪ್ಯೂಟರ್ ಸೈನ್ಸ್ ಸೀಟು: ಫೀಸಿನ ಜೊತೆ ಸಂಬಳದ ಲೆಕ್ಕವೂ ಇರಲಿ

ಪಿಯುಸಿ ಫಲಿತಾಂಶ, ಸಿಇಟಿ ರ‍್ಯಾಂಕ್ ಬಂದರೆ ಸಾಕು, ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ: "ಕಂಪ್ಯೂಟರ್ ಸೈನ್ಸ್ ಸಿಕ್ಕಿತಾ?" ಹಿಂದೆ ಮಗನಿಗೆ ಮೀಸೆ ಮೂಡುವ ಮೊದಲೇ ಪಾಸ್‌ಪೋರ್ಟ್ ಮಾಡಿಸಿ ಗಲ್ಫ್ ವೀಸಾಕ್ಕೆ ಕಾಯುತ್ತಿದ್ದ ಬ್ಯಾರಿಗಳು ಇಂದು ಮಕ್ಕಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಕಳಿಸುತ್ತಿದ್ದೇವೆ. ಇದು ಸಂತೋಷದ ವಿಷಯವೇ. ಆದರೆ ಆ ಸೀಟಿಗೆ ಮಾಡಿದ ಸಾಲ ಮುಂದೆ ಸಿಗುವ ಸಂಬಳದಲ್ಲಿ ತೀರುತ್ತದೆಯೇ ಎಂದು ಕೇಳುವವರು ಕಡಿಮೆ.

ಮೊದಲು ಸಂಬಳದ ವಿಷಯ. ಕಾಲೇಜಿನ ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು 'ಗರಿಷ್ಠ ಪ್ಯಾಕೇಜ್'. ಅದು ಒಬ್ಬಿಬ್ಬರಿಗೆ ಸಿಕ್ಕಿದ್ದು. ದೊಡ್ಡ ಐಟಿ ಸೇವಾ ಕಂಪೆನಿಗಳು ಸಾಮಾನ್ಯ ಪದವೀಧರರಿಗೆ ಕೊಡುವ ಆರಂಭದ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವರ್ಷಕ್ಕೆ ಮೂರು, ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಕ್ಕಿ, ಮೀನು, ಬಾಡಿಗೆ, ಕಾಲೇಜು ಫೀಸು ಮಾತ್ರ ಹಾಗೆ ನಿಲ್ಲಲಿಲ್ಲ. 2023ರಲ್ಲಿ ವಿಪ್ರೊ ಕಂಪೆನಿಯು 6.5 ಲಕ್ಷದ ಆಫರ್ ಕೊಟ್ಟಿದ್ದ ಹೊಸಬರಿಗೆ "3.5 ಲಕ್ಷಕ್ಕೆ ಸೇರುತ್ತೀರಾ?" ಎಂದು ಕೇಳಿತ್ತು. ಇನ್ಫೋಸಿಸ್‌ನ ಆಫರ್ ಪತ್ರ ಕೈಯಲ್ಲಿದ್ದ 2022ರ ಬ್ಯಾಚಿನ ಹಲವರು ಎರಡು ವರ್ಷ ಕಾಯಬೇಕಾಯಿತು. 2025ರ ಜುಲೈಯಲ್ಲಿ ಟಿಸಿಎಸ್ 12 ಸಾವಿರದಷ್ಟು ಸಿಬ್ಬಂದಿಯನ್ನು ಕಡಿತ ಮಾಡುವುದಾಗಿ ಹೇಳಿತು. ಇತ್ತ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಏರುತ್ತಲೇ ಇವೆ.

ಈಗ ಸಾಲದ ಲೆಕ್ಕ. ವರ್ಷಕ್ಕೆ 2 ಲಕ್ಷದಂತೆ ನಾಲ್ಕು ವರ್ಷಕ್ಕೆ 8 ಲಕ್ಷ ಶಿಕ್ಷಣ ಸಾಲ ಎಂದಿಟ್ಟುಕೊಳ್ಳೋಣ, ಬಡ್ಡಿ ಶೇ. 10.5. ಓದುವಾಗ ಮತ್ತು ನಂತರದ ಒಂದು ವರ್ಷ ಕಂತು ಇಲ್ಲ. ಆದರೆ ಬಡ್ಡಿ ಸುಮ್ಮನಿರುವುದಿಲ್ಲ. ಸರಕಾರದ ಬಡ್ಡಿ ರಿಯಾಯಿತಿ ಸಿಗದಿದ್ದರೆ, ಕಂತು ಶುರುವಾಗುವ ಹೊತ್ತಿಗೆ ಸಾಲ ಸುಮಾರು 11 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 14,700 ರೂಪಾಯಿ. ಒಟ್ಟು ಕಟ್ಟುವುದು ಹದಿನೇಳೂವರೆ ಲಕ್ಷಕ್ಕೂ ಹೆಚ್ಚು. ಮೂರೂವರೆ ಲಕ್ಷದ ಸಂಬಳದಲ್ಲಿ ಕೈಗೆ ಬರುವುದು ತಿಂಗಳಿಗೆ 25 ಸಾವಿರದ ಆಚೀಚೆ. ಬೆಂಗಳೂರಿನಲ್ಲಿ ಪಿಜಿ, ಊಟ, ಬಸ್ಸು ಕಳೆದ ಮೇಲೆ ಈ ಕಂತು ಕಟ್ಟುವುದು ಹೇಗೆ?

"ಉಸ್ತಾದ್, ನಾವು ಬಡ್ಡಿ ಸಾಲ ತೆಗೆಯುವುದೇ ಇಲ್ಲ" ಎನ್ನುವ ಮನೆಗಳುಂಟು. ಒಳ್ಳೆಯದು. ಆದರೆ ಅದೇ ಮನೆಯ ಚಿನ್ನ ಬ್ಯಾಂಕಿನಲ್ಲಿ ಅಡವಿರುತ್ತದೆ. ಅದಕ್ಕೂ ಬಡ್ಡಿಯೇ ಅಲ್ವಾ? ಉಳಿದದ್ದು ಸಂಬಂಧಿಕರ ಸಾಲ. ಬ್ಯಾಂಕಿನ ಲೆಕ್ಕ ಪುಸ್ತಕದಲ್ಲಿರುತ್ತದೆ, ಇದರ ಲೆಕ್ಕ ಮನಸ್ಸಿನಲ್ಲಿ.

ನಮ್ಮ ಮದ್ರಸದಲ್ಲಿ ಕಲಿತ ಹುಡುಗನೊಬ್ಬ ರಂಝಾನಿನಲ್ಲಿ ಊರಿಗೆ ಬಂದಿದ್ದ. ತರಾವೀಹ್ ಮುಗಿದ ಮೇಲೆ ಮಾತಿಗೆ ಕೂತ. "ಉಸ್ತಾದ್, ಫೀಸಿಗೆ ದುಬೈಯಿಂದ ಮಾಮ ಕಳಿಸಿದ್ದರು. ಈಗ ಅವರು ಕೆಲಸ ಬಿಟ್ಟು ಬಂದಿದ್ದಾರೆ. ದುಡ್ಡು ಕೇಳುವುದಿಲ್ಲ, ಆದರೆ ಮೊದಲಿನ ಹಾಗೆ ಮಾತಾಡುವುದೂ ಇಲ್ಲ. ನನಗೆ ತಿಂಗಳಿಗೆ ಉಳಿಯುವುದು ಏಳೆಂಟು ಸಾವಿರ. ಉಮ್ಮನ ಚಿನ್ನ ಬಿಡಿಸುವುದಾ, ಮಾಮನಿಗೆ ಕೊಡುವುದಾ?" ಆ ದುಡ್ಡು ಸಾಲವೋ ಸಹಾಯವೋ ಎಂದು ಅಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಅಲ್ ಬಕರದ 282ನೆಯದು. ಅದು ಹೇಳುವುದು ಸಾಲವನ್ನು ಬರೆದಿಡುವ ವಿಷಯ. ಮಕ್ಕಳಿಗೆ ಅದನ್ನು ಓದಲು ಕಲಿಸುವ ನಾವು, ಮನೆಯಲ್ಲಿ ಒಂದು ಚೀಟಿ ಬರೆಯಲು ನಾಚುತ್ತೇವೆ.

ಹಾಗಾದರೆ ಕಂಪ್ಯೂಟರ್ ಸೈನ್ಸ್ ಬೇಡವೇ? ಖಂಡಿತ ಹಾಗಲ್ಲ. ಆಸಕ್ತಿಯಿಂದ ಕಲಿತು ನಾಲ್ಕೈದು ವರ್ಷದಲ್ಲಿ ಒಳ್ಳೆಯ ಸಂಬಳಕ್ಕೆ ಏರಿದ ನಮ್ಮದೇ ಮಕ್ಕಳಿದ್ದಾರೆ. ಬೇಡವಾದದ್ದು ಗಣಿತ ಎಂದರೆ ಓಡುವ ಮಗನಿಗೆ, ನೆರೆಮನೆಯವರನ್ನು ನೋಡಿ, ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು. ಒಟ್ಟು ಸಾಲ ಮೊದಲ ವರ್ಷದ ಸಂಬಳವನ್ನು ಮೀರದಿದ್ದರೆ ಹೇಗೋ ತೀರೀತು, ಎರಡು ಮೂರು ಪಟ್ಟಾದರೆ ಇಡೀ ಮನೆ ಹೊರಬೇಕಾಗುತ್ತದೆ.

ಖರ್ಚು ತಗ್ಗಿಸುವ ದಾರಿಗಳಿವೆ. ಸಿಇಟಿಯಲ್ಲಿ 2ಬಿ ಮೀಸಲಾತಿ ಇದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಬೋಧನಾ ಶುಲ್ಕ ವಿನಾಯಿತಿಯ ಎಸ್‌ಎನ್‌ಕ್ಯೂ ಸೀಟಿಗೆ ಅರ್ಜಿ ಹಾಕಬಹುದು. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲಕ್ಕೆ ಶೇ. 2 ಸೇವಾ ಶುಲ್ಕ ಮಾತ್ರ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ, ಕೊನೇ ದಿನ ನಾಡಕಚೇರಿಗೆ ಓಡಿ ಪ್ರಯೋಜನವಿಲ್ಲ. ಡಿಪ್ಲೊಮಾ ಮಾಡಿ ಡಿಸಿಇಟಿ ಮೂಲಕ ನೇರ ಎರಡನೇ ವರ್ಷಕ್ಕೆ ಸೇರಿದರೆ ಒಂದು ವರ್ಷದ ಇಂಜಿನಿಯರಿಂಗ್ ಫೀಸು ಉಳಿಯಿತು.

ಕಾಲೇಜಿಗೆ ಹೋದಾಗ ಗರಿಷ್ಠ ಪ್ಯಾಕೇಜ್ ಕೇಳಬೇಡಿ. ಕಳೆದ ವರ್ಷ ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಾಧಾರಣ ಅಂಕದ ವಿದ್ಯಾರ್ಥಿಗೆ ಎಷ್ಟು ಸಂಬಳ ಎಂದು ಕೇಳಿ. ಪ್ರತಿ ಜಮಾಅತ್ ಕೌನ್ಸೆಲಿಂಗಿಗೆ ಮೊದಲು, ಊರಿನ ಇಬ್ಬರು ಮೂವರು ಇಂಜಿನಿಯರ್‌ಗಳನ್ನು ಮದ್ರಸದಲ್ಲಿ ಕೂರಿಸಿ ಪೋಷಕರ ಜೊತೆ ಮಾತಾಡಿಸಲಿ. ಕೊನೆಯದಾಗಿ, ಸೀಟಿಗೆ ಸಹಿ ಹಾಕುವ ಮೊದಲು ಮಗ ಅಥವಾ ಮಗಳನ್ನು ಹತ್ತಿರ ಕೂರಿಸಿ, ಯಾರಿಂದ ಎಷ್ಟು ತರುತ್ತಿದ್ದೇವೆ, ಯಾವಾಗ ಹಿಂದಿರುಗಿಸಬೇಕು ಎಂಬುದನ್ನು ಅವರ ಕೈಯಲ್ಲೇ ಬರೆಸಿ.