ಯಂತ್ರಕ್ಕೆ ಪಾಪನಿವೇದನೆ ಇಲ್ಲ

ಬಸವಕಲ್ಯಾಣದ ಕೋಟೆಗೆ ಮಕ್ಕಳನ್ನು ಕರೆದೊಯ್ದವರಿಗೆ ಅಲ್ಲಿನ ಹಳೆಯ ಫಿರಂಗಿಗಳ ನೆನಪಿರುತ್ತದೆ. ಬತ್ತಿಗೆ ಬೆಂಕಿ ಇಟ್ಟವನು ಅದರ ಬಾಯಿ ಯಾರ ಕಡೆಗಿದೆ ಎಂಬುದನ್ನು ಬಲ್ಲವನಾಗಿದ್ದನು. ಹುಮನಾಬಾದಿನಾಚೆ, ಬೀದರಿನ ವಾಯುನೆಲೆಯಲ್ಲಿ 2008ರಿಂದ ‘ಹಾಕ್’ ವಿಮಾನಗಳಲ್ಲಿ ತರಬೇತಿ ಪಡೆಯುತ್ತಿರುವ ತರುಣರಿಗೂ ಈ ಮಾತು ಸಲ್ಲುತ್ತದೆ. ಕೊನೆಯ ಗಳಿಗೆಯಲ್ಲೂ ಕೈ ಹಿಂತೆಗೆಯುವ ಅವಕಾಶ ವೈಮಾನಿಕನಿಗುಂಟು.

ಈಗ ಆ ಕೈಯೇ ಮರೆಯಾಗತೊಡಗಿದೆ. ಬೆಂಗಳೂರಿನ ಎಚ್‌ಎಎಲ್ ಸಂಸ್ಥೆಯು ಯುದ್ಧವಿಮಾನದ ಜೊತೆಜೊತೆಗೆ ಹಾರಬಲ್ಲ, ಚಾಲಕರಹಿತ ‘ಕ್ಯಾಟ್ಸ್ ವಾರಿಯರ್’ ವಿಮಾನದ ಮಾದರಿಯನ್ನು 2021ರಲ್ಲೇ ಪ್ರದರ್ಶಿಸಿತು. ಅದಕ್ಕೆ ಆಜ್ಞೆ ನೀಡುವವನು ಪಕ್ಕದ ವಿಮಾನದ ಪೈಲಟ್. ಆದುದರಿಂದ ನಮಗೆ ಅದರ ಬಗ್ಗೆ ತಕರಾರಿಲ್ಲ. ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಶತ್ರುವು ರೇಡಿಯೋ ಸಂಪರ್ಕವನ್ನು ಕೆಡಿಸಿದರೆ ದೂರದಿಂದ ನಡೆಸುವ ಡ್ರೋನ್ ನಿರುಪಯೋಗಿ. ಆದ ಕಾರಣ ಗುರಿಯನ್ನು ಯಂತ್ರವೇ ಆರಿಸಿಕೊಳ್ಳಲಿ ಎಂಬ ಒತ್ತಡ ಎಲ್ಲ ಸೇನೆಗಳಲ್ಲೂ ಹೆಚ್ಚುತ್ತಿದೆ.

2025ರ ಮೇ 8ರ ರಾತ್ರಿ ಪಾಕಿಸ್ತಾನವು 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳನ್ನು ಕಳುಹಿಸಿತೆಂದು ನಮ್ಮ ಸರ್ಕಾರ ತಿಳಿಸಿತು. (ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಆಯ್ಕೆಯಾದುದೂ ಅದೇ ದಿನ.) ಅಗ್ಗದ ಡ್ರೋನನ್ನು ಉರುಳಿಸಲು ದುಬಾರಿ ಕ್ಷಿಪಣಿ ವ್ಯಯಿಸಬೇಕಾದ ಸ್ಥಿತಿ ಯಾವ ರಕ್ಷಣಾ ಮಂತ್ರಿಗೂ ತಲೆನೋವೇ. ನಮ್ಮ ಕುಟುಂಬಗಳ ಮಕ್ಕಳೂ ಸೇನೆಯಲ್ಲಿದ್ದಾರೆ. ಯಂತ್ರ ಹೋದರೆ ಮಗ ಉಳಿದಾನು ಎನ್ನುವ ತಾಯಿಯ ಮಾತನ್ನು ನಾವು ಹಗುರಾಗಿ ಕಾಣಲಾರೆವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ತಪ್ಪಿ ಒಂದು ಮದುವೆಯ ದಿಬ್ಬಣ ಸುಟ್ಟುಹೋದರೆ ಹೊಣೆ ಯಾರದು? ಅರಿವು ಮತ್ತು ಸಮ್ಮತಿ ಇದ್ದಲ್ಲಿ ಮಾತ್ರ ಮಾರಕ ಪಾಪವೆಂದು ಶ್ರೀಸಭೆ ಬೋಧಿಸುತ್ತದೆ. ಯಂತ್ರಕ್ಕೆ ಎರಡೂ ಇಲ್ಲ. ಮನುಷ್ಯನ ಪ್ರಾಣ ತೆಗೆಯುವ ತೀರ್ಮಾನವನ್ನು ಯಾವ ಯಂತ್ರವೂ ಮಾಡಕೂಡದೆಂದು ಜಗದ್ಗುರು ಫ್ರಾನ್ಸಿಸ್ ಅವರು 2024ರ ಜೂನ್ 14ರಂದು ಜಿ-7 ನಾಯಕರೆದುರು ಸ್ಪಷ್ಟವಾಗಿ ಹೇಳಿ, ಇಂತಹ ಅಸ್ತ್ರಗಳ ನಿಷೇಧವನ್ನು ಬೇಡಿದ್ದರು.

ಈ ಅಸ್ತ್ರಗಳ ಕುರಿತು 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ನಿರ್ಣಯದ ಪರ 152 ದೇಶಗಳಿದ್ದವು. ವಿರೋಧಿಸಿದ ನಾಲ್ಕರಲ್ಲಿ ಭಾರತವೂ ಒಂದು. ಮರುವರ್ಷ ಭಾರತ ತಟಸ್ಥವಾಗುಳಿಯಿತು. ಚರ್ಚೆಗೆ ಜಿನೀವಾದ ಅಸ್ತ್ರ ಒಪ್ಪಂದದ ವೇದಿಕೆಯೇ ತಕ್ಕದ್ದೆಂಬುದು ನಮ್ಮ ಸರ್ಕಾರದ ನಿಲುವು. ವಾದದಲ್ಲಿ ತಿರುಳಿಲ್ಲವೆನ್ನಲಾಗದು, ಅಸ್ತ್ರ ತಯಾರಿಸುವ ದೇಶಗಳು ಅಲ್ಲಿ ಕೂತಿವೆ. ಆದರೆ ಅಲ್ಲಿ ಸರ್ವಾನುಮತವಿಲ್ಲದೆ ಏನೂ ತೀರ್ಮಾನವಾಗದು. 2014ರಿಂದ ಮಾತುಕತೆ ನಡೆಯುತ್ತಲೇ ಇದೆ.

ದೇಶ ನಿರಾಯುಧವಾಗಲಿ ಎಂದು ನಾವು ಕೇಳುತ್ತಿಲ್ಲ. ಕೊಲ್ಲುವ ಆಜ್ಞೆಗೆ ಒಬ್ಬ ಅಧಿಕಾರಿಯ ಹೆಸರು ಇರಲೇಬೇಕೆಂಬ ನಿಯಮವನ್ನು, ಜಿನೀವಾದ ದಾರಿ ಕಾಯದೆ, ನಮ್ಮ ದೇಶವೇ ತನಗೆ ತಾನು ಮಾಡಿಕೊಳ್ಳಬಹುದು. ವಾಯುನೆಲೆಯನ್ನು ಮಡಿಲಲ್ಲಿಟ್ಟುಕೊಂಡ ಜಿಲ್ಲೆಯ ಲೋಕಸಭಾ ಸದಸ್ಯರು ಇದನ್ನು ಸದನದಲ್ಲಿ ಎತ್ತಿದರೆ ಅನುಚಿತವೇನಲ್ಲ. ನಾವು ಅವರಿಗೆ ಬರೆಯಲಿದ್ದೇವೆ.