ಒಂದು ಕುರಿಯ ಕಥೆ, ಎರಡು ಗ್ರಂಥ

ಮೌಂಟ್ ಮೇರಿ ಜಾತ್ರೆ ಮುಗಿಸಿ ಬೆಟ್ಟ ಇಳಿಯುವಾಗ ನನ್ನ ಇಬ್ಬರು ಗೆಳೆಯರು ಜಗಳಕ್ಕೆ ಬಿದ್ದರು. ಒಬ್ಬರು ನಮ್ಮ ಕರಾವಳಿಯ ಕ್ರೈಸ್ತರು, ಇನ್ನೊಬ್ಬರು ಬ್ಯಾರಿ. ಮೂವತ್ತು ವರ್ಷ ಬಾಂದ್ರಾದಿಂದ ಒಂದೇ ಲೋಕಲ್ ಹಿಡಿದವರು. "ನಿಮ್ಮ ಬೈಬಲ್ ಪ್ರವಾದಿಗಳ ಮಾನ ಕಳೆದಿದೆ" ಎಂದರು ಇವರು. "ನಿಮ್ಮ ಕುರ್‌ಆನ್ ಸುಣ್ಣ ಬಳಿದಿದೆ" ಎಂದರು ಅವರು. "ಎಲ್ಲಾ ಒಂದೇ ಬಿಡ್ರಪ್ಪ" ಎಂದು ನಾನು ಜಾರಿಕೊಂಡೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಎಲ್ಲಾ ಒಂದೇ ಅಲ್ಲ ಸ್ವಾಮಿ.

ಬೈಬಲಿನ ನೋಹ ದ್ರಾಕ್ಷಾರಸ ಕುಡಿದು ಬಟ್ಟೆಯ ಪರಿವೆಯಿಲ್ಲದೆ ಬಿದ್ದಿರುತ್ತಾನೆ; ಕುರ್‌ಆನಿನ ನೂಹರಿಗೆ ಆ ಕಥೆಯೇ ಇಲ್ಲ. ವಿಮೋಚನಕಾಂಡದಲ್ಲಿ ಚಿನ್ನದ ಕರು ಮಾಡಿಕೊಟ್ಟವನು ಆರೋನ; ಕುರ್‌ಆನಿನ 20ನೇ ಅಧ್ಯಾಯದಲ್ಲಿ ಅದು ಸಾಮಿರಿಯ ಕೆಲಸ, ಹಾರೂನ್ ಬೇಡವೆಂದವರು. ಸೊಲೊಮೋನ ಮುಪ್ಪಿನಲ್ಲಿ ಅನ್ಯದೇವರತ್ತ ವಾಲುತ್ತಾನೆ. ಸುಲೈಮಾನ್ ಅವಿಶ್ವಾಸಿಯಾಗಲಿಲ್ಲವೆಂದು ಕುರ್‌ಆನ್ ಬಿಡಿಸಿ ಹೇಳುತ್ತದೆ.

ಯಾಕೆ ಹೀಗೆ? ಬೈಬಲಿನಲ್ಲಿ ನೋಹ ಮೂಲಪುರುಷ, ಸೊಲೊಮೋನ ಅರಸ. ಅರಸನ ಎದುರು ನಿಂತು "ತಪ್ಪು" ಅನ್ನುವವನೇ ಅಲ್ಲಿ ಪ್ರವಾದಿ. ಇಸ್ಲಾಮಿನಲ್ಲಿ ಇವರೆಲ್ಲರೂ ಪ್ರವಾದಿಗಳೇ, ಜನ ಅನುಸರಿಸಬೇಕಾದ ಮಾದರಿಗಳು. ನೀರು ತರುವ ಕೊಡವೇ ಕೊಳಕಾದರೆ ಹೇಗೆ ಎಂಬ ಯೋಚನೆ ಅದು. ಹಾಗಂತ ಸುಣ್ಣ ಬಳಿದದ್ದೂ ಅಲ್ಲ. ಮೂಸಾರ ಏಟಿಗೆ ಒಬ್ಬ ಸಾಯುತ್ತಾನೆ, ಅವರು ಕ್ಷಮೆ ಬೇಡುತ್ತಾರೆ. ಯೂನುಸ್ ಸಿಟ್ಟಿನಲ್ಲಿ ಹೊರಟುಹೋಗುತ್ತಾರೆ. ಎರಡೂ ಕುರ್‌ಆನಿನಲ್ಲೇ ಇವೆ.

ಈಗ ದಾವೀದನ ವಿಷಯಕ್ಕೆ ಬನ್ನಿ. ಊರೀಯನ ಹೆಂಡತಿಯನ್ನು ಕೂಡಿ, ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ ಅರಸನಿಗೆ ಪ್ರವಾದಿ ನಾತಾನ ಕಥೆ ಹೇಳುತ್ತಾನೆ: ಹಿಂಡುಗಟ್ಟಲೆ ಇದ್ದ ಸಾಹುಕಾರ ಬಡವನ ಒಂದೇ ಕುರಿಯನ್ನು ಕಿತ್ತುಕೊಂಡ. ಕುರ್‌ಆನಿನ 38ನೇ ಅಧ್ಯಾಯದಲ್ಲಿ ಊರೀಯನ ಸುದ್ದಿಯಿಲ್ಲ, ಆದರೆ ಕುರಿ ಇದೆ! ಗೋಡೆ ಹತ್ತಿ ಬಂದ ಇಬ್ಬರು ದಾವೂದರೆದುರು ವ್ಯಾಜ್ಯ ಇಡುತ್ತಾರೆ: 99 ಕುರಿ ಇದ್ದವನು ನನ್ನ ಒಂದನ್ನೂ ಕೇಳುತ್ತಾನೆ. ತೀರ್ಪು ಕೊಟ್ಟ ದಾವೂದ್, ಇದು ತನಗೇ ಬಂದ ಪರೀಕ್ಷೆಯೆಂದರಿತು ಬಾಗಿ ಕ್ಷಮೆ ಕೇಳುತ್ತಾರೆ. ಅಲ್ಲಿ ಬೆತ್ತಲಾದ ಅರಸ, ಇಲ್ಲಿ ಎಚ್ಚೆತ್ತ ಪ್ರವಾದಿ. ತಲೆಬಾಗಿದ್ದು ಇಬ್ಬರೂ.

ತಾಳಮದ್ದಳೆಯಲ್ಲಿ "ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ" ಎಂದು ವಾಲಿ ರಾಮನನ್ನು ಕೇಳುವಾಗ ನಾವು ರಾತ್ರಿಯಿಡೀ ಕೂತು ತಲೆದೂಗುತ್ತೇವೆ. ರಾಮಭಕ್ತಿಯೇನೂ ಕಡಿಮೆಯಾಗಿಲ್ಲ. ಪ್ರಶ್ನೆಯನ್ನು ಅವಮಾನವೆಂದೂ ಗೌರವವನ್ನು ಮುಚ್ಚುಮರೆಯೆಂದೂ ತಿಳಿಯುವವರು ಗ್ರಂಥ ಓದಿದವರಲ್ಲ, ಮೊಬೈಲಿಗೆ ಬಂದದ್ದನ್ನು ಮುಂದಕ್ಕೆ ತಳ್ಳುವವರು. ಕನ್ನಡದಲ್ಲೇ ಎರಡೂ ಸಿಗುತ್ತವೆ, ಬೆಂಗಳೂರಿನಿಂದ ಸತ್ಯವೇದ, ಮಂಗಳೂರಿನಿಂದ ಕುರ್‌ಆನ್. ಓದಲು ಯಾರು ಅಡ್ಡ ಬಂದರು?

ನಾತಾನನ ಕಥೆ ಯಾರಿಗೆ ಅರ್ಥವಾಗದಿದ್ದರೂ ಬಾಂದ್ರಾದವರಿಗೆ ಆಗಬೇಕು. ಸಮುದ್ರದ ಕಡೆ ಬಂಗಲೆಗಳು, ರೈಲುಹಳಿಯ ಪಕ್ಕ ಬೆಹ್ರಾಂಪಾಡಾದ ಗುಡಿಸಲುಗಳು. 99 ಯಾರದು, ಒಂದು ಯಾರದು ಎಂದು ಕೇಳುವುದು ಬಿಟ್ಟು, ನನ್ನ ಗೆಳೆಯರು ಯಾರ ಪ್ರವಾದಿ ಶುದ್ಧ ಎಂದು ಮಾತು ಬಿಟ್ಟು ಕೂತಿದ್ದಾರೆ.

ಭಾನುವಾರ ಇಬ್ಬರನ್ನೂ ಚಹಾಕ್ಕೆ ಕರೆದಿದ್ದೇನೆ. ಎರಡೂ ಪುಸ್ತಕ ಮೇಜಿನ ಮೇಲಿರುತ್ತವೆ. ಈ ಸಲ ನಾನು ಜಾರಿಕೊಳ್ಳುವುದಿಲ್ಲ.