ಗೇಟಿಗೆ ಕಾವಲು, ಮಗುವಿನ ಅಳಲಿಗೆ ಯಾರು?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಮಣ್ಣು ಗಂಗಾವಳಿಗೆ ಬಿದ್ದಾಗ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಪೊಲೀಸರು ಬಂದರು, ಸೇನೆ ಬಂತು, ನೌಕಾಪಡೆಯ ಮುಳುಗುಗಾರರು ಬಂದರು. ಬರಬೇಕಾದದ್ದೇ. ಆದರೆ ಮಳೆಯ ಸದ್ದಿಗೆ ಬೆಚ್ಚುವ ಮಗು ಮರಳಿ ತರಗತಿಗೆ ಬಂದಾಗ, ಅದರ ಮಾತು ಕೇಳುವುದನ್ನೇ ಉದ್ಯೋಗವಾಗಿಸಿಕೊಂಡ ಒಬ್ಬರಾದರೂ ನಮ್ಮ ಸರಕಾರಿ ಶಾಲೆಗಳಲ್ಲಿ ಇದ್ದಾರೆಯೇ?

ಶಾಲೆಯ ಸುರಕ್ಷತೆ ಎಂದೊಡನೆ ಕಾರವಾರದಿಂದ ಬೆಂಗಳೂರಿನವರೆಗೆ ಎಲ್ಲರಿಗೂ ನೆನಪಾಗುವುದು ಕಂಪೌಂಡು, ಸಿಸಿಟಿವಿ, ವಾಚ್‌ಮನ್. ಕಾನೂನಿನ ದೃಷ್ಟಿಯೂ ಅದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆವರಣ ಗೋಡೆಗೆ ಸ್ಥಾನವಿದೆ, ಆಪ್ತಸಮಾಲೋಚಕರಿಗಿಲ್ಲ. ಅತ್ತ ಸಿಬಿಎಸ್‌ಇ ತನ್ನ ಪ್ರೌಢಶಾಲೆಗಳಲ್ಲಿ ಸಮಾಲೋಚಕರು ಇರಬೇಕೆಂದು ನಿಯಮ ಮಾಡಿದೆ. ಆ ಶಾಲೆಗಳ ಮಕ್ಕಳಿಗಿರುವ ಮನಸ್ಸು ಮೀನುಗಾರನ ಮಗುವಿಗೆ ಇಲ್ಲವೇ?

ಗೋಡೆ ಬೇಡವೆಂದಲ್ಲ. ಹೆದ್ದಾರಿಯಂಚಿನ ಶಾಲೆಗೆ ಗೇಟು ಬೇಕು, ಗೇಟಿಗೆ ಆಳೂ ಬೇಕು. ಆದರೆ ಪೋಕ್ಸೋ ಪ್ರಕರಣಗಳ ಬಗ್ಗೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುವುದೇನು? ಆರೋಪಿಗಳಲ್ಲಿ ಬಹುಪಾಲು ಮಂದಿ ಮಗುವಿಗೆ ಪರಿಚಿತರೇ. ನೆರೆಯವನನ್ನು, ನೆಂಟನನ್ನು ಯಾವ ಕಾವಲುಗಾರ ತಡೆದಾನು? ಅಂತಹ ಸಂಕಟ ಬಾಯಿಗೆ ಬರುವುದು ಮಗು ನಂಬಿದವರ ಮುಂದೆ ಮಾತ್ರ.

2022ರ ಫೆಬ್ರವರಿಯನ್ನು ನಾವು ಮರೆತಿಲ್ಲ. ಸಮವಸ್ತ್ರದ ಆದೇಶದ ಬಳಿಕ ರಾಜ್ಯದ ಅನೇಕ ಶಾಲಾ ಕಾಲೇಜುಗಳ ಮುಂದೆ ಪೊಲೀಸರು ನಿಂತರು. ಆದೇಶದ ಸರಿತಪ್ಪಿನ ಚರ್ಚೆ ಬೇರೆ. ಪಹರೆಗೆ ರಾತ್ರೋರಾತ್ರಿ ಜನ ಸಿಕ್ಕರು. ಗೇಟಿನಿಂದ ಮರಳಿದ ಹುಡುಗಿಯನ್ನು ಕುಳ್ಳಿರಿಸಿ ಮಾತನಾಡಿಸಲು ಯಾರನ್ನು ನೇಮಿಸಲಾಯಿತು?

ಸಾಕಿದ ಪುಟ್ಟ ಹಕ್ಕಿ ಸತ್ತು ದುಃಖಿಸುತ್ತಿದ್ದ ಬಾಲಕ ಅಬೂ ಉಮೈರ್‌ನನ್ನು ಪ್ರವಾದಿ(ಸ) ಹೆಸರು ಹಿಡಿದು ಕರೆದು ಆ ಹಕ್ಕಿಯ ಬಗ್ಗೆ ವಿಚಾರಿಸಿದರೆಂದು ಅನಸ್(ರ) ವರದಿ ಮಾಡಿದ್ದಾರೆ. ಒಂದು ಸಮುದಾಯದ ನಾಯಕರಿಗೆ ಇದಕ್ಕೆ ಬಿಡುವಿತ್ತು. ನಮ್ಮ ಬಜೆಟ್‌ಗಳಿಗೆ ಇಲ್ಲ!

ಶಿಕ್ಷಕರೇ ಈ ಕೆಲಸ ಮಾಡಲಿ ಎನ್ನುವವರಿದ್ದಾರೆ. ಬಿಸಿಯೂಟ, ಹಾಲು, ಮೊಟ್ಟೆಯ ಲೆಕ್ಕ, ಮತದಾರರ ಪಟ್ಟಿ, ಇವೆಲ್ಲ ಮುಗಿದ ಮೇಲೆ ಪಾಠ; ಆಮೇಲೆ ಮಗುವಿನ ಅಳಲೇ? ಮೇಲಾಗಿ, ಅಂಕ ಕೊಡುವವರ ಮುಂದೆ ಮಗು ಎಲ್ಲವನ್ನೂ ಹೇಳದು.

ಪ್ರತಿ ಶಾಲೆಗೂ ಒಬ್ಬರನ್ನು ನಾವು ಕೇಳುತ್ತಿಲ್ಲ. ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಒಂದು ಕ್ಲಸ್ಟರಿಗೆ ಒಬ್ಬ ತರಬೇತಾದ ಸಮಾಲೋಚಕರು, ವಾರಕ್ಕೊಮ್ಮೆಯಾದರೂ ಪ್ರತಿ ಶಾಲೆಗೆ. ಎಸ್‌ಡಿಎಂಸಿಯಲ್ಲಿರುವ ಪಾಲಕರೇ, ಮುಂದಿನ ಸಭೆಯಲ್ಲಿ ಕ್ಯಾಮೆರಾದ ಬೇಡಿಕೆ ಬರೆಯುವ ಹಾಳೆಯಲ್ಲೇ ಇದನ್ನೂ ಬರೆಯಿಸಿ, ಸಹಿ ಹಾಕಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳುಹಿಸಿ.